ಪರ–ವಿರೋಧ: ವೈರ್ ತಂಡದ ಎರಡನೆಯ ಆಲ್ಬಮ್ ಮೊದಲನೆಯದನ್ನು ಮೀರಿಸಿತೇ?

ಲಂಡನ್ನಿನ ವೈರ್ ತಂಡವು ತನ್ನ ಮೊದಲ ಆಲ್ಬಮ್ ‘ಪಿಂಕ್ ಫ್ಲ್ಯಾಗ್’ ಅನ್ನು 1977ರ ಕೊನೆಯಲ್ಲಿ ಹೊರತಂದಿತು. ವರ್ಷ ತುಂಬುವ ಮೊದಲೇ, 1978ರ ಸೆಪ್ಟೆಂಬರಿನಲ್ಲಿ, ಎರಡನೆಯ ಆಲ್ಬಮ್ ‘ಚೇರ್ಸ್ ಮಿಸ್ಸಿಂಗ್’ ಬಂತು. ಎರಡಕ್ಕೂ ಅದೇ ನಾಲ್ವರು, ಅದೇ ಹಾರ್ವೆಸ್ಟ್ ಕಂಪನಿ, ಅದೇ ನಿರ್ಮಾಪಕ ಮೈಕ್ ಥಾರ್ನ್. ಆದರೂ ಆರ್ಟ್ ಪಂಕ್, ಅಂದರೆ ಬಿರುಸಾದ ಪಂಕ್ ರಾಕ್‌ಗೆ ಕಲಾಶಾಲೆಯ ಪ್ರಯೋಗಶೀಲತೆ ಬೆರೆತ ಸಂಗೀತ, ಕೇಳುವವರಲ್ಲಿ ಅಂದಿನಿಂದ ಇಂದಿನವರೆಗೆ ಎರಡು ಪಂಗಡಗಳಿವೆ. ಈ ಬಾರಿ ಇಬ್ಬರು ಕೇಳುಗರಿಗೆ ಒಂದೊಂದು ಪಕ್ಷವನ್ನು ವಹಿಸಿಕೊಟ್ಟಿದ್ದೇವೆ.

ಪರ: ಪಂಕ್ ಇಲ್ಲಿ ಕಿವಿಗೊಡಲು ಕಲಿಯಿತು

ಪಂಕ್ ತಂಡದ ಎರಡನೆಯ ಆಲ್ಬಮ್ ಎಂದರೆ ಕೇಳುಗರಿಗೆ ಒಂದು ಅಳುಕು ಇದ್ದೇ ಇರುತ್ತದೆ. ಮೊದಲ ಆಲ್ಬಮ್ಮಿಗೆ ಕೂಡಿಟ್ಟ ಹಾಡುಗಳು, ಕೂಡಿಟ್ಟ ಕೋಪ, ಯಾರೂ ಕಾಯುತ್ತಿಲ್ಲ ಎಂಬ ಸ್ವಾತಂತ್ರ್ಯ ಎಲ್ಲವೂ ಒದಗಿಬರುತ್ತವೆ; ಎರಡನೆಯದಕ್ಕೆ ಕಂಪನಿಯ ಗಡುವೂ ಅಭಿಮಾನಿಗಳ ನಿರೀಕ್ಷೆಯೂ ಎದುರಾಗುತ್ತವೆ. ಲಂಡನ್ನಿನ ದ ಡ್ಯಾಮ್ಡ್ ತಂಡ 1977ರ ನವೆಂಬರಿನಲ್ಲಿ ತನ್ನ ಎರಡನೆಯ ಆಲ್ಬಮ್ಮನ್ನು ಪಂಕ್ ಕೇಳುಗರು ದೂರವಿಟ್ಟಿದ್ದ, ನೀಳ ಹಾಡುಗಳಿಗೆ ಹೆಸರಾದ ಪಿಂಕ್ ಫ್ಲಾಯ್ಡ್ ತಂಡದ ಡ್ರಮ್ಮರ್ ನಿಕ್ ಮೇಸನ್ ಅವರ ಕೈಯಲ್ಲಿ ಮಾಡಿಸಿಕೊಂಡು ತನ್ನವರನ್ನೇ ನಿರಾಸೆಗೊಳಿಸಿತು, ಮತ್ತು ಕೆಲವೇ ತಿಂಗಳಲ್ಲಿ ಒಡೆದುಹೋಯಿತು. ಮುಂದಿನ ವರ್ಷದ ನವೆಂಬರಿನಲ್ಲಿ ದ ಕ್ಲ್ಯಾಶ್ ತಂಡ ಅಮೆರಿಕದ ನಿರ್ಮಾಪಕ ಸ್ಯಾಂಡಿ ಪರ್ಲ್‌ಮನ್ ಅವರೊಂದಿಗೆ ಎರಡನೆಯ ಆಲ್ಬಮ್ ಮಾಡಿದಾಗ, ಧ್ವನಿಯನ್ನು ವಿಪರೀತ ನಯಗೊಳಿಸಲಾಗಿದೆ ಎಂದು ದೂರಿದವರಿದ್ದರು. ಇವೆರಡರ ನಡುವಿನ ಕಾಲದಲ್ಲಿ ‘ಚೇರ್ಸ್ ಮಿಸ್ಸಿಂಗ್’ ಬಂದಿತು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅದರ ಸಾಧನೆ ಎಷ್ಟು ದೊಡ್ಡದು ಎಂಬುದು ತಿಳಿಯುತ್ತದೆ. ಅದು ಮೊದಲ ಆಲ್ಬಮ್ಮಿನ ಮರುಮುದ್ರಣವಾಗಲಿಲ್ಲ, ಮೊದಲ ಆಲ್ಬಮ್ಮಿಗೆ ಬೆನ್ನು ತಿರುಗಿಸಲೂ ಇಲ್ಲ.

ವೈರ್ ತಂಡ ಕಲಾಶಾಲೆಯ ವಾತಾವರಣದಲ್ಲಿ ಹುಟ್ಟಿತು. ಹಾಡುಗಾರ ಕಾಲಿನ್ ನ್ಯೂಮನ್ ವಾಟ್‌ಫರ್ಡ್ ಕಲಾಶಾಲೆಯ ವಿದ್ಯಾರ್ಥಿಯಾಗಿದ್ದರು. ಗಿಟಾರ್ ವಾದಕ ಬ್ರೂಸ್ ಗಿಲ್ಬರ್ಟ್ ಅಲ್ಲಿಯೇ ಧ್ವನಿ ಮತ್ತು ದೃಶ್ಯ ಉಪಕರಣಗಳನ್ನು ನೋಡಿಕೊಳ್ಳುವ ತಂತ್ರಜ್ಞರಾಗಿದ್ದರು, ಮತ್ತು ಪಂಕ್ ಹುಡುಗರ ನಡುವೆ ಅವರು ಆಗಲೇ ಮೂವತ್ತನ್ನು ಮುಟ್ಟಿದ್ದರು. ಬಾಸ್ ನುಡಿಸುತ್ತಿದ್ದ ಗ್ರಹಾಂ ಲೂಯಿಸ್ ಓದಿದ್ದು ಬಟ್ಟೆ ವಿನ್ಯಾಸವನ್ನು. ಡ್ರಮ್ಮಿನಲ್ಲಿ ರಾಬರ್ಟ್ ಗೋಟೊಬೆಡ್. ಆರಂಭದಲ್ಲಿ ಇವರೊಂದಿಗೆ ಜಾರ್ಜ್ ಗಿಲ್ ಎಂಬ ಇನ್ನೊಬ್ಬ ಗಿಟಾರ್ ವಾದಕರೂ ಇದ್ದರು. 1977ರ ಆರಂಭದಲ್ಲಿ ಅವರು ತಂಡದಿಂದ ಹೊರಗಾದ ಮೇಲೆ ಉಳಿದ ನಾಲ್ವರು ಅವರ ಹಾಡುಗಳನ್ನೂ ಗಿಟಾರಿನ ನೀಳ ಆಲಾಪಗಳನ್ನೂ ಕಿತ್ತುಹಾಕಿ, ಏನು ಉಳಿಯುತ್ತದೆಯೋ ನೋಡೋಣ ಎಂದು ಹೊರಟರು. ಬೇಡವಾದುದನ್ನು ಕಳೆಯುವ ಈ ಕೆಲಸವೇ ವೈರ್ ತಂಡದ ಮೂಲ ಸ್ವಭಾವ. ‘ಪಿಂಕ್ ಫ್ಲ್ಯಾಗ್’ನಲ್ಲಿ ಅವರು ಕಾಲವನ್ನು ಕಳೆದರು: ಮಾತು ಮುಗಿದಲ್ಲಿ ಹಾಡೂ ಮುಗಿಯಬೇಕು ಎಂಬ ನಿಯಮಕ್ಕೆ ಅಂಟಿಕೊಂಡು 21 ಹಾಡುಗಳನ್ನು ಸುಮಾರು 35 ನಿಮಿಷಗಳಲ್ಲಿ ಮುಗಿಸಿದರು. ‘ಚೇರ್ಸ್ ಮಿಸ್ಸಿಂಗ್’ನಲ್ಲಿ ಅವರು ಕಳೆದದ್ದು ಪಂಕ್‌ನ ಅಭ್ಯಾಸಗಳನ್ನೇ. ಎಲ್ಲ ವಾದ್ಯಗಳೂ ಎಲ್ಲ ಹೊತ್ತೂ ಏಕಕಾಲಕ್ಕೆ ಅಬ್ಬರಿಸಬೇಕು ಎಂಬ ಅಭ್ಯಾಸ ಹೋಯಿತು. ಹಾಡುಗಾರ ಸದಾ ಕೂಗಬೇಕು ಎಂಬ ಅಭ್ಯಾಸ ಹೋಯಿತು. ಕೋಪವೊಂದೇ ಪ್ರಾಮಾಣಿಕವಾದ ಭಾವ ಎಂಬ ನಂಬಿಕೆಯೂ ಹೋಯಿತು, ಮತ್ತು ನನ್ನ ದೃಷ್ಟಿಯಲ್ಲಿ ಇದೇ ಮುಖ್ಯ.

ಹೀಗೆ ಕಳೆದಾಗ ಏನು ದೊರೆಯಿತು ಎಂಬುದಕ್ಕೆ ಧ್ವನಿತಟ್ಟೆಯ ಮೊದಲ ಬದಿಯ ಕೊನೆಯಲ್ಲಿ ಬರುವ ‘ಹಾರ್ಟ್‌ಬೀಟ್’ ಹಾಡು ಸಾಕ್ಷಿ. ಗಿಟಾರು ಒಂದೇ ಮಿಡಿತವನ್ನು ಹಿಡಿದು ಬಿಡದೆ ನಡೆಯುತ್ತದೆ, ಧ್ವನಿ ಪಿಸುಮಾತಿಗೆ ಹತ್ತಿರವಿದೆ, ಮತ್ತು ಪದರದ ಮೇಲೆ ಪದರ ಬಂದು ಕೂಡುತ್ತಾ ಹಾಡು ನಿಧಾನವಾಗಿ ಮೇಲೇರುತ್ತದೆ. ಇನ್ನೇನು ಸಿಡಿಯುತ್ತದೆ ಎಂದು ಕೇಳುಗರು ಉಸಿರು ಬಿಗಿಹಿಡಿದಾಗ ಹಾಡು ತನ್ನನ್ನು ತಾನೇ ತಡೆದುಕೊಂಡು ಹಿಂದಕ್ಕೆ ಸರಿಯುತ್ತದೆ. ಕೇಟ್ ಲ್ಯೂಕಸ್ ನುಡಿಸಿದ ಕೊಳಲು ಅದರೊಳಗೆ ಎಲ್ಲಿದೆ ಎಂದು ಹುಡುಕಬೇಕಾದಷ್ಟು ಮೆಲುವಾಗಿದೆ. ಒಬ್ಬ ಮನುಷ್ಯ ತನ್ನ ಎದೆಬಡಿತವನ್ನು ತಾನೇ ಕೇಳಿಸಿಕೊಳ್ಳುವುದರ ಭಯವನ್ನೂ ಆಪ್ತತೆಯನ್ನೂ ಇಷ್ಟು ಕಡಿಮೆ ಸಾಮಗ್ರಿಯಲ್ಲಿ ಹಿಡಿದ ರಾಕ್ ಹಾಡು ನನಗೆ ಇನ್ನೊಂದು ತಿಳಿದಿಲ್ಲ. ‘ಪಿಂಕ್ ಫ್ಲ್ಯಾಗ್’ನ ಯಾವ ಹಾಡಿಗೂ ಇದು ಸಾಧ್ಯವಾಗುತ್ತಿರಲಿಲ್ಲ, ಏಕೆಂದರೆ ಅಲ್ಲಿನ ಹಾಡುಗಳಿಗೆ ಕಾಯುವ ವ್ಯವಧಾನವಿಲ್ಲ.

ಆಲ್ಬಮ್ಮಿನ ಉದ್ದಕ್ಕೂ ಇಂತಹ ಧೈರ್ಯವಿದೆ. ಆರಂಭದ ‘ಪ್ರ್ಯಾಕ್ಟಿಸ್ ಮೇಕ್ಸ್ ಪರ್ಫೆಕ್ಟ್’ ಹಾಡು ಹಳೆಯ ಕಾಲದ ಫ್ರೆಂಚ್ ರಂಗನಟಿ ಸಾರಾ ಬರ್ನ್‌ಹಾರ್ಟ್ ಅವರ ಕೈಯೊಂದನ್ನು ಮಲಗುವ ಕೋಣೆಗೆ ತಂದಿಡುತ್ತದೆ, ಮತ್ತು ಅದರ ಲಯ ಕಾಲು ಮಡಿಸದೆ ನಡೆಯುವವನ ಹೆಜ್ಜೆಯಷ್ಟು ಬಿರುಸಾಗಿದೆ. ‘ಮರೂನ್ಡ್’ ಹಾಡಿನಲ್ಲಿ ಕರಗುತ್ತಿರುವ ಹಿಮಗಡ್ಡೆಯ ಮೇಲೆ ಒಬ್ಬಾತ ಶಾಂತನಾಗಿ ಕುಳಿತಿದ್ದಾನೆ. ‘ಐ ಆ್ಯಮ್ ದ ಫ್ಲೈ’ ಹಾಡಿನಲ್ಲಿ ಚಪ್ಪಾಳೆಯೂ ಝೇಂಕರಿಸುವ ಗಿಟಾರೂ ಸೇರಿ, ಮುಲಾಮಿನಲ್ಲಿ ಬಿದ್ದ ನೊಣದ ಬಾಯಿಂದ ಪಲ್ಲವಿ ಹಾಡಿಸುತ್ತವೆ. ಎರಡನೆಯ ಬದಿ ಸುಮಾರು ಆರು ನಿಮಿಷಗಳ ‘ಮರ್ಸಿ’ಯಿಂದ ಆರಂಭವಾಗುತ್ತದೆ. ಅದರ ಭಾರ ಇನ್ನೂ ಕಿವಿಯಲ್ಲಿರುವಾಗಲೇ ಎರಡು ನಿಮಿಷಗಳನ್ನೂ ಮುಟ್ಟದ ‘ಔಟ್‌ಡೋರ್ ಮೈನರ್’ ಬರುತ್ತದೆ. ಈ ಒಂದು ಜೋಡಣೆಯಲ್ಲೇ, ಹಾಡಿನ ಉದ್ದವೆಂಬುದು ಅದರ ವಸ್ತುವಿನಿಂದ ನಿರ್ಧಾರವಾಗಬೇಕೇ ಹೊರತು ಪಂಕ್ ಎಂಬ ಹಣೆಪಟ್ಟಿಯಿಂದಲ್ಲ ಎಂಬ ಇಡೀ ವಾದವಿದೆ.

‘ಔಟ್‌ಡೋರ್ ಮೈನರ್’ ಬಗ್ಗೆ ನಾನು ಸ್ವಲ್ಪ ಹೆಚ್ಚು ಹೇಳಲೇಬೇಕು. ಗ್ರಹಾಂ ಲೂಯಿಸ್ ಬರೆದ, ಕಾಲಿನ್ ನ್ಯೂಮನ್ ರಾಗ ಕಟ್ಟಿದ, ‘ಬಯಲಿನ ಗಣಿಗಾರ’ ಎಂಬ ಅರ್ಥದ ಈ ಹಾಡಿನ ವಸ್ತು ಎಲೆಯೊಳಗೆ ಸುರಂಗ ಕೊರೆಯುವ ಒಂದು ಹುಳು. ನಾನು ಹುಟ್ಟಿ ಬೆಳೆದದ್ದು ಕೋಲಾರ ಜಿಲ್ಲೆಯ ಬಂಗಾರಪೇಟೆಯ ಹತ್ತಿರದ ಹಳ್ಳಿಯಲ್ಲಿ, ಮತ್ತು ನಮ್ಮ ತಂದೆ ಟೊಮೆಟೊ ಬೆಳೆಗಾರರು. ಟೊಮೆಟೊ ಬೆಳೆಯುವವರಿಗೆ ರಂಗೋಲಿ ಹುಳುವನ್ನು ಪರಿಚಯಿಸಬೇಕಾಗಿಲ್ಲ. ನೊಣವೊಂದು ಎಲೆಯಲ್ಲಿ ಮೊಟ್ಟೆಯಿಡುತ್ತದೆ, ಮರಿಹುಳು ಎಲೆಯ ಮೇಲಿನ ಪೊರೆಗೂ ಕೆಳಗಿನ ಪೊರೆಗೂ ನಡುವೆ ಹಸಿರನ್ನು ತಿನ್ನುತ್ತಾ ಸಾಗುತ್ತದೆ, ಮತ್ತು ಅದು ಸಾಗಿದ ದಾರಿ ಹೊರಗಿನಿಂದ ಅಂಕುಡೊಂಕಾದ ಬಿಳಿಯ ಗೆರೆಯಾಗಿ ಕಾಣುತ್ತದೆ. ನಮ್ಮ ಕಡೆಯ ತೋಟಗಳನ್ನು ಕಾಡಿದ ಜಾತಿ 1990ರ ದಶಕದ ಆರಂಭದಲ್ಲಿ ಹೊರದೇಶದ ಸೇವಂತಿಗೆ ಸಸಿಗಳೊಂದಿಗೆ ಭಾರತಕ್ಕೆ ಬಂದದ್ದು. ಹಾಡಿನಲ್ಲಿರುವುದು ಅದರ ದಾಯಾದಿ. ನಾನು ಚಿಕ್ಕವಳಿದ್ದಾಗ ಅಪ್ಪ ಎಲೆಯನ್ನು ಬಿಸಿಲಿಗೆ ಹಿಡಿದು ಗೆರೆಯ ತುದಿಯಲ್ಲಿರುವ ಹುಳುವನ್ನು ತೋರಿಸುತ್ತಿದ್ದರು. ಗೆರೆ ಬಿದ್ದ ಎಲೆಗಳನ್ನು ಕಿತ್ತು ಗುಂಡಿಗೆ ಹಾಕುವುದೂ ಬೇವಿನ ಬೀಜದ ಕಷಾಯ ಸಿಂಪಡಿಸುವುದೂ ನಮ್ಮ ಮನೆಯ ಕೆಲಸಗಳಾಗಿದ್ದವು.

ಬೆಂಗಳೂರಿನ ಹಾಸ್ಟೆಲ್ಲಿನಲ್ಲಿ ಹಿರಿಯ ವಿದ್ಯಾರ್ಥಿನಿಯೊಬ್ಬರು ಕೊಟ್ಟ ಕ್ಯಾಸೆಟ್ಟಿನಲ್ಲಿ ಈ ಹಾಡನ್ನು ಮೊದಲು ಕೇಳಿದಾಗ ನನ್ನನ್ನು ಹಿಡಿದದ್ದು ಅದರ ರಾಗದ ಇಂಪು. ಸಾಹಿತ್ಯವನ್ನು ಬರೆದುಕೊಂಡು ಓದಿದ ಮೇಲೆ, ಗಣಿಯ ಕಾರ್ಮಿಕನನ್ನು ವರ್ಣಿಸುವ ಮಾತುಗಳಲ್ಲಿ ಅವರು ವರ್ಣಿಸಿರುವುದು ನಮ್ಮ ತೋಟದ ಹುಳುವನ್ನೇ ಎಂಬುದು ತಿಳಿಯಿತು. ರಜೆಗೆ ಊರಿಗೆ ಹೋದಾಗ ಅಪ್ಪನಿಗೆ ಹಾಡನ್ನು ಕೇಳಿಸಿ ಅರ್ಥ ಹೇಳಿದೆ. ಅವರು ಕೊನೆಯವರೆಗೆ ಕೇಳಿ, “ಅವರ ತೋಟದಲ್ಲೂ ಈ ಹುಳ ಬೀಳುತ್ತೇನಮ್ಮಾ?” ಎಂದು ಕೇಳಿದರು. ಬೀಳುತ್ತದೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಬೆಳೆ ಹಾಳುಮಾಡೋದನ್ನ ಇಷ್ಟು ಚೆನ್ನಾಗಿ ಹಾಡೋಕೆ ದೊಡ್ಡ ಮನಸ್ಸು ಬೇಕು ಬಿಡು” ಎಂದರು. ನಮ್ಮ ಚಿಕ್ಕಪ್ಪ ಕೆ.ಜಿ.ಎಫ್.ನ ಚಿನ್ನದ ಗಣಿಯಲ್ಲಿ ನೆಲದ ಆಳಕ್ಕೆ ಇಳಿದು ದುಡಿದವರು, 2001ರಲ್ಲಿ ಗಣಿ ಮುಚ್ಚುವವರೆಗೂ ಅದೇ ಅವರ ಬದುಕಾಗಿತ್ತು. ಅವರಿಗೂ ಹಾಡಿನ ಅರ್ಥ ಹೇಳಿದಾಗ, ಛಾವಣಿ ಕುಸಿಯುವ ಮಾತು ಬರುವಲ್ಲಿ ಅವರು ತಲೆಯಾಡಿಸಿದ್ದನ್ನು ನಾನು ಮರೆತಿಲ್ಲ. ಕಲಾಶಾಲೆಯ ಹುಡುಗರು ಜಾಣತನ ತೋರಿಸಲು ಕಟ್ಟಿದ ಒಗಟುಗಳು ಎಂದು ಈ ಆಲ್ಬಮ್ಮಿನ ಸಾಹಿತ್ಯವನ್ನು ತಳ್ಳಿಹಾಕುವವರಿಗೆ ನನ್ನ ಉತ್ತರ ಇದು: ಟೊಮೆಟೊ ಬೆಳೆಗಾರರೊಬ್ಬರಿಗೂ ಗಣಿ ಕಾರ್ಮಿಕರೊಬ್ಬರಿಗೂ ಅದು ಒಗಟಾಗಲಿಲ್ಲ. ಎಲೆಯ ಎರಡು ಪೊರೆಗಳ ನಡುವೆ ಇಡೀ ಜಗತ್ತನ್ನು ಕಂಡ ಒಂದು ಜೀವದ ಬಗ್ಗೆ ತಿರಸ್ಕಾರವಿಲ್ಲದೆ, ಅತಿಭಾವುಕತೆಯೂ ಇಲ್ಲದೆ, ಎರಡು ನಿಮಿಷಗಳೊಳಗೆ ಹಾಡಿ ಮುಗಿಸುವುದು ಪಂಕ್‌ಗೆ ಸಾಧ್ಯವಿದೆ ಎಂದು ತೋರಿಸಿದವರು ಈ ನಾಲ್ವರು.

ಆಲ್ಬಮ್ಮನ್ನು ಒಪ್ಪದವರು ಸಾಮಾನ್ಯವಾಗಿ ಕೀಬೋರ್ಡಿನ ವಿಷಯ ಎತ್ತುತ್ತಾರೆ. ನಿರ್ಮಾಪಕ ಮೈಕ್ ಥಾರ್ನ್ ತಾವೇ ಕುಳಿತು ಕೀಬೋರ್ಡು, ಸಿಂಥಸೈಜರುಗಳನ್ನು ನುಡಿಸಿದರು, ಆದ್ದರಿಂದ ಈ ಧ್ವನಿ ತಂಡದ್ದಲ್ಲ ಎಂಬುದು ಅವರ ವಾದ. ಗಿಟಾರು, ಬಾಸು, ಡ್ರಮ್ಮು ಈ ಮೂರನ್ನು ಬಿಟ್ಟು ಬೇರೆ ವಾದ್ಯ ಕಂಡರೆ ಅಪವಿತ್ರವಾಯಿತೆಂದು ಎದ್ದು ಹೋಗುವವರಿಗೆ ಯಾವ ಸಂಗೀತದ ಬಗ್ಗೆಯೂ ಏನನ್ನೂ ಹೇಳಲಾಗದು. ಇನ್ನು ಕೆಲವರು ಪಿಂಕ್ ಫ್ಲಾಯ್ಡ್ ಹೆಸರನ್ನು ಎಳೆದುತರುತ್ತಾರೆ, ಆ ತಂಡದ ಆಲ್ಬಮ್ಮುಗಳೂ ಹಾರ್ವೆಸ್ಟ್ ಕಂಪನಿಯಿಂದಲೇ ಬಂದವು ಎಂಬುದನ್ನು ದೊಡ್ಡ ಸಾಕ್ಷ್ಯವೆಂಬಂತೆ ಮುಂದಿಡುತ್ತಾರೆ. ಹದಿನೈದು ಹಾಡುಗಳು ಸುಮಾರು 42 ನಿಮಿಷಗಳಲ್ಲಿ ಮುಗಿಯುವ ಆಲ್ಬಮ್ ಇದು. ಹಾಡೊಂದಕ್ಕೆ ಸರಾಸರಿ ಮೂರು ನಿಮಿಷವೂ ಬೀಳುವುದಿಲ್ಲ, ‘ಅನದರ್ ದ ಲೆಟರ್’ ಸುಮಾರು ಒಂದು ನಿಮಿಷದಲ್ಲೇ ಓಡಿಹೋಗುತ್ತದೆ. ಪಿಂಕ್ ಫ್ಲಾಯ್ಡ್‌ನ ಒಂದು ಹಾಡಿನ ಕಾಲದಲ್ಲಿ ವೈರ್ ತಂಡದ ಒಂದು ಬದಿಯೇ ಮುಗಿಯಬಹುದು.

ಕೇಳುಗರು ಏನೆನ್ನುತ್ತಾರೆ ಎಂಬುದು ಈ ಚರ್ಚೆಯ ಇನ್ನೊಂದು ಮುಖ. ‘ಪಿಂಕ್ ಫ್ಲ್ಯಾಗ್’ ಬಂದಾಗ ಬ್ರಿಟನ್ನಿನ ಮಾರಾಟ ಪಟ್ಟಿಗೆ ಏರಲೇ ಇಲ್ಲ. ‘ಚೇರ್ಸ್ ಮಿಸ್ಸಿಂಗ್’ 48ನೆಯ ಸ್ಥಾನಕ್ಕೆ ಬಂತು, ಮತ್ತು ‘ಔಟ್‌ಡೋರ್ ಮೈನರ್’ 1979ರ ಆರಂಭದಲ್ಲಿ ಬಿಡಿಹಾಡಾಗಿ ಬಂದು 51ನೆಯ ಸ್ಥಾನ ಪಡೆಯಿತು. ಅಂಕಿಗಳು ದೊಡ್ಡವಲ್ಲ, ಆದರೆ ಹೊಸ ದಾರಿ ಹಿಡಿದ ತಂಡವನ್ನು ಅಂದಿನ ಕೇಳುಗರು ಕೈಬಿಡಲಿಲ್ಲ ಎಂಬುದಕ್ಕೆ ಸಾಕು. ಅದಕ್ಕಿಂತ ಮುಖ್ಯವಾದದ್ದು ಈ ಹಾಡುಗಳನ್ನು ತಮ್ಮದಾಗಿಸಿಕೊಂಡವರ ವೈವಿಧ್ಯ. ಶಿಕಾಗೋದ ಬಿಗ್ ಬ್ಲ್ಯಾಕ್ ತಂಡ, ಕರ್ಕಶತೆಗೆ ಹೆಸರಾದ ತಂಡ, 1987ರಲ್ಲಿ ‘ಹಾರ್ಟ್‌ಬೀಟ್’ ಅನ್ನು ತನ್ನ ಕಬ್ಬಿಣದ ಧ್ವನಿಯಲ್ಲಿ ಹಾಡಿತು. ಲಂಡನ್ನಿನ ಲಶ್ ತಂಡ ಕೆಲವು ವರ್ಷಗಳ ನಂತರ ‘ಔಟ್‌ಡೋರ್ ಮೈನರ್’ ಅನ್ನು ಮಂಜಿನಂತಹ ಮೃದು ಧ್ವನಿಯಲ್ಲಿ ಹಾಡಿತು. ಒಂದೇ ಆಲ್ಬಮ್ಮಿನಿಂದ ಇಷ್ಟು ದೂರದ ಎರಡು ದಿಕ್ಕುಗಳಿಗೆ ದಾರಿ ಹೊರಡುವುದು ಅಪರೂಪ. ನನ್ನ ಪರಿಚಯದ ಕೇಳುಗರಲ್ಲಿಯೂ ‘ಪಿಂಕ್ ಫ್ಲ್ಯಾಗ್’ ಅನ್ನು ಗೌರವದಿಂದ ನೆನೆಯುವವರು ಬಹಳ, ಆದರೆ ಮನೆಯಲ್ಲಿ ಒಬ್ಬರೇ ಇದ್ದಾಗ ಅವರು ಕೇಳಲು ಹಾಕಿಕೊಳ್ಳುವುದು ‘ಚೇರ್ಸ್ ಮಿಸ್ಸಿಂಗ್’ ಅನ್ನು.

ವಿರೋಧ: ಇಪ್ಪತ್ತೊಂದು ಹಾಡುಗಳಿಗೆ ಸಾಟಿಯಿಲ್ಲ

ವಿರೋಧದ ಪಕ್ಷವನ್ನು ನನಗೆ ವಹಿಸಲಾಗಿದೆ. ‘ಚೇರ್ಸ್ ಮಿಸ್ಸಿಂಗ್’ ಕಳಪೆ ಆಲ್ಬಮ್ ಎಂದು ನಾನು ವಾದಿಸಲಾರೆ, ಅದು ನನ್ನ ಅಭಿಪ್ರಾಯವೂ ಅಲ್ಲ. ‘ಹಾರ್ಟ್‌ಬೀಟ್’ ನಾನು ಇಂದಿಗೂ ಮೆಚ್ಚುವ ಹಾಡು. ಆದರೆ ಪ್ರಶ್ನೆ ಇರುವುದು ಎರಡನೆಯದು ಒಳ್ಳೆಯದೇ ಎಂದಲ್ಲ, ಮೊದಲನೆಯದನ್ನು ಮೀರಿಸಿತೇ ಎಂದು. ಮೀರಿಸಲಿಲ್ಲ ಎನ್ನಲು ಸಾಕಷ್ಟು ಕಾರಣಗಳಿವೆ.

‘ಪಿಂಕ್ ಫ್ಲ್ಯಾಗ್’ ರಾಕ್ ಸಂಗೀತದಲ್ಲಿ ಅದುವರೆಗೆ ಇಲ್ಲದಿದ್ದ ಒಂದು ರೂಪವನ್ನು ಕೊಟ್ಟಿತು. 1977ರಲ್ಲಿ ವೇಗವಾಗಿ ನುಡಿಸುವವರಿಗೆ ಕೊರತೆಯಿರಲಿಲ್ಲ. ಆದರೆ ಪಲ್ಲವಿಯನ್ನು ಎರಡನೆಯ ಬಾರಿ ಹಾಡಬೇಕಾದ ಅಗತ್ಯವೇನು, ಹಾಡು ಮೂರು ನಿಮಿಷ ಇರಲೇಬೇಕೆಂದು ಹೇಳಿದವರು ಯಾರು ಎಂದು ಕೇಳಿದವರು ವೈರ್ ತಂಡದವರು ಮಾತ್ರ. ‘ಫೀಲ್ಡ್ ಡೇ ಫಾರ್ ದ ಸಂಡೇಸ್’ ಹಾಡು ಅರ್ಧ ನಿಮಿಷವೂ ಇಲ್ಲ, ಆದರೂ ಭಾನುವಾರದ ಪತ್ರಿಕೆಗಳಲ್ಲಿ ಬೆತ್ತಲಾಗುವ ಆಸೆಯೂ ಅವಮಾನವೂ ಅದರಲ್ಲಿ ಪೂರ್ತಿಯಾಗಿ ಬಂದಿವೆ. ಆರಂಭದ ‘ರಾಯ್ಟರ್ಸ್’ ಹಾಡಿನಲ್ಲಿ ಯುದ್ಧಭೂಮಿಯಿಂದ ವರದಿ ಕಳಿಸುವ ಪತ್ರಕರ್ತನ ಸುತ್ತ ನಾಡೇ ಕುಸಿಯುತ್ತದೆ, ಮತ್ತು ಹಾಡಿನ ಲಯವೂ ಅದರೊಂದಿಗೇ ಭಾರವಾಗುತ್ತಾ ಹೋಗುತ್ತದೆ. ಕೊನೆಯ ‘ಒನ್ ಟೂ ಎಕ್ಸ್ ಯು’ ಎರಡು ನಿಮಿಷದೊಳಗೆ ಮುಗಿದು ಆಲ್ಬಮ್ಮನ್ನು ಕತ್ತರಿಸಿ ನಿಲ್ಲಿಸುತ್ತದೆ. ಇಪ್ಪತ್ತೊಂದು ಹಾಡುಗಳಲ್ಲಿ ಯಾವುದೂ ತನ್ನ ಮಾತು ಮುಗಿದ ಮೇಲೆ ಒಂದು ಕ್ಷಣವೂ ನಿಲ್ಲುವುದಿಲ್ಲ. ಆ ಸಂಕ್ಷಿಪ್ತತೆಯನ್ನು ಅಭ್ಯಾಸಬಲ ಎನ್ನಲಾಗದು, ಅದು ಯೋಚಿಸಿ ತೆಗೆದುಕೊಂಡ ನಿಲುವು.

ಎರಡನೆಯ ಆಲ್ಬಮ್ಮಿನಲ್ಲಿ ಈ ನಿಲುವು ಸಡಿಲವಾಯಿತು ಎಂಬುದನ್ನು ಅದರ ಅಭಿಮಾನಿಗಳೂ ಅಲ್ಲಗಳೆಯಲಾರರು. ‘ಮರ್ಸಿ’ ಸುಮಾರು ಆರು ನಿಮಿಷಗಳ ಹಾಡು, ಮತ್ತು ಅದರ ಕೊನೆಯ ಭಾಗದಲ್ಲಿ ತಂಡ ಮೊದಲ ಆಲ್ಬಮ್ಮಿನಲ್ಲಿ ತಾನೇ ಬೇಡವೆಂದು ಬಿಟ್ಟಿದ್ದ ಪುನರಾವರ್ತನೆಗೆ ಮರಳಿದೆ. ಅದೇ ಕಾಲದಲ್ಲಿ ಎರಡು ಮೂರು ‘ಪಿಂಕ್ ಫ್ಲ್ಯಾಗ್’ ಹಾಡುಗಳು ಬಂದು ಹೋಗುತ್ತಿದ್ದವು. ಅರ್ಥದ ವಿಷಯದಲ್ಲಿಯೂ ಹೀಗೇ ಆಗಿದೆ. ಮೊದಲ ಆಲ್ಬಮ್ಮಿನ ಸಾಹಿತ್ಯ ಪತ್ರಿಕೆ, ದೂರದರ್ಶನ, ಯುದ್ಧ, ಹಣ ಇವುಗಳ ಹೊರಜಗತ್ತನ್ನು ನೋಡುತ್ತಿತ್ತು. ಎರಡನೆಯದು ಕೋಣೆಯ ಬಾಗಿಲು ಹಾಕಿಕೊಂಡು ಒಳಗಿನದನ್ನೇ ನೋಡುತ್ತದೆ. ‘ಫ್ರೆಂಚ್ ಫಿಲ್ಮ್ ಬ್ಲರ್ಡ್’ ಎಂಬ ಹಾಡು ತಿಳಿಯದ ಭಾಷೆಯ ಸಿನಿಮಾವನ್ನು ಅಸ್ಪಷ್ಟವಾಗಿ ನೋಡುತ್ತಾ ಅರ್ಥವನ್ನು ಊಹಿಸುವವನ ಅನುಭವದಿಂದ ಹುಟ್ಟಿದ್ದು. ಆಲ್ಬಮ್ಮನ್ನು ಕೇಳುವವರ ಅನುಭವವೂ ಬಹುಪಾಲು ಹಾಗೆಯೇ ಇರುತ್ತದೆ. ಒಂದೆರಡು ಹಾಡುಗಳಲ್ಲಿ ಅದು ಸೊಗಸು, ಹದಿನೈದರಲ್ಲಿ ಅದು ದಣಿವು.

ಧ್ವನಿಯ ಮಾತಿಗೆ ಬಂದರೆ, ಮೈಕ್ ಥಾರ್ನ್ ಅವರ ಪ್ರತಿಭೆಯ ಬಗ್ಗೆ ನನಗೆ ಸಂಶಯವಿಲ್ಲ. 1981ರಲ್ಲಿ ಸಾಫ್ಟ್ ಸೆಲ್ ಜೋಡಿಯ ‘ಟೇಂಟೆಡ್ ಲವ್’ ಹಾಡನ್ನು ನಿರ್ಮಿಸಿ ಬ್ರಿಟನ್ನಿನ ಮೊದಲ ಸ್ಥಾನಕ್ಕೆ ಏರಿಸಿದವರು ಅವರೇ. ಆದರೆ ‘ಪಿಂಕ್ ಫ್ಲ್ಯಾಗ್’ನಲ್ಲಿ ಅವರು ತಂಡದ ಧ್ವನಿಯನ್ನು ಹಿಡಿದಿಟ್ಟರು, ‘ಚೇರ್ಸ್ ಮಿಸ್ಸಿಂಗ್’ನಲ್ಲಿ ತಂಡದ ಐದನೆಯ ಸದಸ್ಯರಾದರು. ರಾಬರ್ಟ್ ಗೋಟೊಬೆಡ್ ಅವರ ಡ್ರಮ್ಮು ಮೊದಲ ಆಲ್ಬಮ್ಮಿನಲ್ಲಿ ಒಣ ಕಟ್ಟಿಗೆ ಸೀಳಿದಂತೆ ಕೇಳುತ್ತದೆ, ಪ್ರತಿ ಏಟೂ ಬೇರೆಬೇರೆಯಾಗಿ ನಿಲ್ಲುತ್ತದೆ. ಎರಡನೆಯದರಲ್ಲಿ ಅದರ ಸುತ್ತ ಸಿಂಥಸೈಜರಿನ ಪರದೆಗಳು ಇಳಿಬಿದ್ದಿವೆ. ‘ಔಟ್‌ಡೋರ್ ಮೈನರ್’ ಬಿಡಿಹಾಡಾಗಿ ಬರುವಾಗ ಕಂಪನಿಯ ಇಷ್ಟದಂತೆ ಅದನ್ನು ಹಿಗ್ಗಿಸಿ ನಡುವೆ ಪಿಯಾನೋ ಸೇರಿಸಲಾಯಿತು. ಮಾತು ಮುಗಿದಲ್ಲಿ ನಿಲ್ಲುತ್ತಿದ್ದ ತಂಡ ಒಂದೇ ವರ್ಷದಲ್ಲಿ ರೇಡಿಯೋದ ಅಳತೆಗೆ ಹಾಡನ್ನು ಉದ್ದಮಾಡಲು ಒಪ್ಪಿತು ಎಂಬುದನ್ನು ಎರಡನೆಯ ಆಲ್ಬಮ್ಮಿನ ಅಭಿಮಾನಿಗಳು ಏಕೆ ಗಮನಿಸುವುದಿಲ್ಲವೋ ತಿಳಿಯದು. ಪಂಕ್ ಗೌರವಸ್ಥರ ಮನೆಯ ಕಪಾಟಿನಲ್ಲಿ ಕೂರಬೇಕು ಎಂಬ ಬಯಕೆ ಅವರಲ್ಲಿ ಅನೇಕರಿಗೆ ಇದೆ ಎಂದೇ ನನ್ನ ಭಾವನೆ.

ಪ್ರಭಾವದ ಲೆಕ್ಕ ಹಾಕಿದರೂ ಮೊದಲನೆಯದೇ ಮುಂದಿದೆ. ವಾಷಿಂಗ್ಟನ್ನಿನ ಮೈನರ್ ಥ್ರೆಟ್ ತಂಡದ ಹುಡುಗರು 1982ರ ಸಂಕಲನವೊಂದರಲ್ಲಿ ‘ಒನ್ ಟೂ ಎಕ್ಸ್ ಯು’ ಹಾಡಿದರು. ಪಂಕ್‌ಗಿಂತಲೂ ವೇಗದ, ಕಟುವಾದ ಅಮೆರಿಕದ ಹಾರ್ಡ್‌ಕೋರ್ ಪಂಕ್ ತನ್ನ ಅವಸರವನ್ನೂ ಮಿತಭಾಷೆಯನ್ನೂ ಕಲಿತ ಮನೆಗಳಲ್ಲಿ ‘ಪಿಂಕ್ ಫ್ಲ್ಯಾಗ್’ ಒಂದು. ಆರ್.ಇ.ಎಂ. ತಂಡ 1987ರಲ್ಲಿ ಅದೇ ಆಲ್ಬಮ್ಮಿನ ‘ಸ್ಟ್ರೇಂಜ್’ ಹಾಡನ್ನು ತನ್ನ ಆಲ್ಬಮ್ಮಿನಲ್ಲಿ ಸೇರಿಸಿಕೊಂಡಿತು. 1990ರ ದಶಕದ ನಡುವೆ ಇಲಾಸ್ಟಿಕಾ ತಂಡದ ‘ಕನೆಕ್ಷನ್’ ಹಾಡಿನಲ್ಲಿ ಜನ ಗುರುತಿಸಿದ್ದು ‘ತ್ರೀ ಗರ್ಲ್ ರುಂಬಾ’ದ ಗಿಟಾರನ್ನು, ಮತ್ತು ಆ ವಿವಾದ ನ್ಯಾಯಾಲಯದ ಹೊರಗೆ ರಾಜಿಯಲ್ಲಿ ಮುಗಿಯಿತು. ಮೂರು ಬೇರೆ ತಲೆಮಾರಿನ ಸಂಗೀತಗಾರರು ಕೈಚಾಚಿದ್ದು ಮೊದಲ ಆಲ್ಬಮ್ಮಿನ ಕಡೆಗೆ.

ಕೇಳುಗರ ತೀರ್ಪನ್ನೂ ಗಮನಿಸಬೇಕು. ಕೆಲವು ವರ್ಷ ಬೇರೆಯಾಗಿದ್ದ ವೈರ್ ತಂಡ 1980ರ ದಶಕದ ನಡುವೆ ಮತ್ತೆ ಒಂದಾದಾಗ, ಹಳೆಯ ಹಾಡುಗಳನ್ನು ನುಡಿಸುವುದಿಲ್ಲ ಎಂದು ಅವರು ಪಟ್ಟುಹಿಡಿದರು. ಅದು ಅವರ ಹಕ್ಕು, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಜನ ಹಳೆಯದನ್ನು ಕೇಳದೆ ಬಿಡುವುದಿಲ್ಲ ಎಂಬುದೂ ಅವರಿಗೆ ಗೊತ್ತಿತ್ತು. ಆದ್ದರಿಂದ 1987ರ ಅಮೆರಿಕ ಪ್ರವಾಸದಲ್ಲಿ ತಮ್ಮ ಕಾರ್ಯಕ್ರಮಕ್ಕೆ ಮೊದಲು ಹಳೆಯ ಹಾಡುಗಳನ್ನು ನುಡಿಸಲೆಂದೇ ದಿ ಎಕ್ಸ್-ಲಯನ್ ಟೇಮರ್ಸ್ ಎಂಬ ಬೇರೊಂದು ತಂಡವನ್ನು ಕರೆದುಕೊಂಡು ಹೋದರು. ಆ ತಂಡ ಹೆಸರನ್ನು ಪಡೆದದ್ದು ‘ಪಿಂಕ್ ಫ್ಲ್ಯಾಗ್’ನ ಹಾಡೊಂದರಿಂದ, ಮತ್ತು ಊರೂರಿನಲ್ಲಿ ಅದು ಜನರ ಮುಂದೆ ನುಡಿಸಿದ್ದು ‘ಪಿಂಕ್ ಫ್ಲ್ಯಾಗ್’ ಆಲ್ಬಮ್ಮನ್ನು.